ಸಂಜೆ ಲ್ಯಾಬಿಗೆ ಬಂದ ಕೌತುಕಮಾಪಕ

ಮಕ್ಕಳ ಕುತೂಹಲವನ್ನು ಜ್ವರ ನೋಡುವ ಹಾಗೆ ಯಂತ್ರ ಇಟ್ಟು ನೋಡುವಂತಾದರೆ ಏನಾದೀತು ಎಂದು ಯಾರಾದರೂ ಕೇಳಿದರೆ, ನಾವು ಗಜೇಂದ್ರಗಡದವರು ಊಹೆ ಮಾಡುತ್ತ ಕೂರಬೇಕಾಗಿಲ್ಲ. ನಮ್ಮಲ್ಲಿ ಅದು ಆಗಿಹೋಗಿದೆ.

ಯಂತ್ರದ ಹೆಸರು ಕೌತುಕಮಾಪಕ. ಹೆಸರು ಭಾರಿಯಾದರೂ ನೋಡಲಿಕ್ಕೆ ಅದು ಹುಡುಗಿಯರು ತಲೆಗೆ ಸಿಕ್ಕಿಸಿಕೊಳ್ಳುವ ಹೇರ್‌ಬ್ಯಾಂಡಿನ ಹಾಗೇ ಇತ್ತು. ಮಕ್ಕಳು ಅದಕ್ಕೆ ಪಟ್ಟಿ ಎಂದೇ ಕರೆಯುತ್ತಿದ್ದರು. ಒಳಬದಿಯಲ್ಲಿ ಬಾಚಣಿಗೆಯ ಹಲ್ಲಿನಂಥ ಸಣ್ಣ ಲೋಹದ ಮೊಳೆಗಳು. ಅವು ಕೂದಲಿನ ನಡುವೆ ಇಳಿದು ನೆತ್ತಿಯ ಚರ್ಮಕ್ಕೆ ತಾಗುತ್ತಿದ್ದವು. ಗೊತ್ತಿಲ್ಲದ ಸಂಗತಿಯೊಂದು ಎದುರಾಗಿ, ಅದನ್ನು ತಿಳಿಯದೆ ಬಿಡುವುದಿಲ್ಲವೆಂದು ಮನಸ್ಸು ಹಟ ಹಿಡಿದಾಗ ಮಿದುಳಿನಲ್ಲಿ ಒಂದು ಬಗೆಯ ವಿದ್ಯುತ್ ಅಲೆ ಏಳುತ್ತದಂತೆ. ತೀರ ಸಣ್ಣ ಅಲೆ. ಮೊಳೆಗಳು ಅದನ್ನು ಹಿಡಿದು ನೂರಕ್ಕೆ ಇಷ್ಟು ಎಂದು ಅಂಕಿ ತೋರಿಸುತ್ತಿದ್ದವು.

ಇದರ ಅಗತ್ಯ ಬಂದದ್ದು ಸಂಜೆ ಲ್ಯಾಬುಗಳಿಂದ. ಶಾಲೆ ಬಿಟ್ಟ ಮೇಲೆ ಮಕ್ಕಳು ವಿಜ್ಞಾನ, ತಂತ್ರಜ್ಞಾನ ಎಂದು ಕೈಯಾರೆ ಏನಾದರೂ ಮಾಡಲಿ ಎಂದು ಸರ್ಕಾರ ಊರೂರಿಗೆ ಇಂಥ ಲ್ಯಾಬುಗಳನ್ನು ತೆರೆದಿತ್ತು. ಕೆಲವು ವರ್ಷ ಕಳೆದ ಮೇಲೆ, ಇದರಿಂದ ಮಕ್ಕಳಿಗೆ ಆದದ್ದಾದರೂ ಏನು ಎಂದು ಯಾರೋ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಆದರೆ ಉತ್ತರ ಯಾರಲ್ಲೂ ಇರಲಿಲ್ಲ. ಪರೀಕ್ಷೆಯ ಅಂಕಗಳಲ್ಲಿ ಹುಡುಕಿದರೆ ಹೆಚ್ಚೇನೂ ಕಾಣಲಿಲ್ಲ. ಆಗ ಧಾರವಾಡದಲ್ಲಿ ಕಲಿಕಾ ಮಾಪನ ಮಂಡಳಿ ಎಂಬುದೊಂದು ಹುಟ್ಟಿ, ಅದರ ಹೊಟ್ಟೆಯಲ್ಲಿ ಕೌತುಕಮಾಪಕ ಹುಟ್ಟಿತು. ಲ್ಯಾಬಿನ ಮಕ್ಕಳ ಸರಾಸರಿ ಕೌತುಕ ನಲವತ್ತು ದಾಟಿದರೆ ಲ್ಯಾಬ್ ಉಳಿಯುತ್ತದೆ, ಇಲ್ಲವಾದರೆ ಬೀಗ.

ಮೊದಲು ಜನ ನಕ್ಕರು. ಆಮೇಲೆ ಒಗ್ಗಿಕೊಂಡರು. ಹೆಣ್ಣು ನೋಡಲು ಬಂದವರ ಮುಂದೆ ಉಪ್ಪಿಟ್ಟಿನ ತಟ್ಟೆ ಇಡುತ್ತಲೇ "ಹುಡುಗಂದು ಕೌತುಕ ಎಷ್ಟ್ರಿ?" ಎಂದು ಕೇಳುವ ಮಾವಂದಿರು ತಯಾರಾದರು. ಅಂಗಡಿಯಲ್ಲಿ ಕೌತುಕ ಬಿಸ್ಕತ್ತು ಬಂತು. ರುಚಿಯಲ್ಲಿ ಹಳೆಯ ಗ್ಲೂಕೋಸ್ ಬಿಸ್ಕತ್ತೇ. ಬಸ್ ಸ್ಟ್ಯಾಂಡಿನ ಎದುರು ಕೌತುಕ ಕೋಚಿಂಗ್ ಕ್ಲಾಸ್ ಶುರುವಾಯಿತು. ಅಲ್ಲಿ ಮಕ್ಕಳಿಗೆ ನೂರಾರು ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಆಕಾಶ ಯಾಕೆ ನೀಲಿ ಎಂದು ಸಾಲಾಗಿ ನಿಂತು ಒಕ್ಕೊರಲಿನಲ್ಲಿ ಕೂಗುವ ಆ ಮಕ್ಕಳಲ್ಲಿ ಒಬ್ಬರೂ ಆಕಾಶ ನೋಡಿದ್ದನ್ನು ನಾವು ಕಾಣಲಿಲ್ಲ.

ನಮ್ಮ ಸಂಜೆ ಲ್ಯಾಬ್ ಇದ್ದದ್ದು ಹಳೆಯ ಟೆಲಿಫೋನ್ ಎಕ್ಸ್‌ಚೇಂಜ್ ಕಟ್ಟಡದಲ್ಲಿ. ಕಿಟಕಿಯಿಂದ ನೋಡಿದರೆ ಗುಡ್ಡ, ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳು. ಅದನ್ನು ನಡೆಸುತ್ತಿದ್ದವರು ಇಮಾಮಸಾಬ ನದಾಫ್, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ತಲೆ ಪೂರ್ತಿ ಬೋಳು, ಆ ಕೊರತೆ ತುಂಬುವ ಹಾಗೆ ಬಿಳಿ ಗಡ್ಡ, ಮೂಗಿನ ಮೇಲೆ ಕನ್ನಡಕ. ಇವರ ಪದ್ಧತಿಯೇ ಬೇರೆ. ಮಕ್ಕಳು ಏನು ಕೇಳಿದರೂ ಉತ್ತರ ಹೇಳುತ್ತಿರಲಿಲ್ಲ. "ಹೌದಲ್ಲ, ಹೆಂಗ ತಿಳ್ಕೊಳ್ಳೂದು ಇದನ್ನ?" ಎಂದು ತಿರುಗಿ ಕೇಳಿ, ಕೇಳಿದವರ ಕೈಗೇ ಸ್ಕ್ರೂಡ್ರೈವರೋ ತಂತಿಯೋ ಕೊಟ್ಟುಬಿಡುತ್ತಿದ್ದರು. ಅವರ ಲ್ಯಾಬಿನಲ್ಲಿ ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಬದಲಿಸಿದರೆ ಯಾವುದರಿಂದ ಏನಾಯಿತೆಂದು ದೇವರಿಗೂ ತಿಳಿಯುವುದಿಲ್ಲ ಎನ್ನುತ್ತಿದ್ದರು.

ವಚನಾ ಅಲ್ಲಿಗೆ ಹೋಗತೊಡಗಿದಾಗ ಬಾಯಿಯೇ ಬಿಡದ ಹುಡುಗಿ. ಇವಳ ಕಿವಿ ಒಮ್ಮೆ ತೋರಿಸಿಕೊಂಡು ಬನ್ನಿ ಎಂದು ಶಾಲೆಯವರು ತಾಯಿಗೆ ಹೇಳಿದ್ದರು. ಲ್ಯಾಬಿನಲ್ಲೂ ಗೋಡೆಗೆ ಒರಗಿ ಕೂತು ಉಳಿದವರನ್ನು ನೋಡುತ್ತಿದ್ದಳು, ಅಷ್ಟೆ. ಆ ದಿನಗಳಲ್ಲಿ ಮಕ್ಕಳು ನಳದ ನೀರು ಬಂದದ್ದನ್ನು ಸಾರುವ ಗಂಟೆಯೊಂದನ್ನು ಮಾಡುತ್ತಿದ್ದರು. ನಮ್ಮೂರಲ್ಲಿ ನೀರು ಯಾವಾಗ ಬರುತ್ತದೆಂದು ನೀರು ಬಿಡುವವನಿಗೂ ಗೊತ್ತಿರುವುದಿಲ್ಲ. ಆದರೆ ಬರುವ ಮೊದಲು ಪೈಪಿನೊಳಗಿನ ಗಾಳಿ ಸಿಳ್ಳೆ ಹಾಕುತ್ತದೆ. ಆ ಸಿಳ್ಳೆ ಕೇಳಿದೊಡನೆ ಗಂಟೆ ಬಾರಿಸಬೇಕು, ಇಷ್ಟೇ ಉಪಾಯ. ಗಂಟೆಯೇನೋ ಬಾರಿಸಿತು. ಇಡೀ ಓಣಿ ಕೊಡ ಹಿಡಿದು ಹೊರಗೆ ಬಂತು. ನೋಡಿದರೆ ಯಾರದೋ ಮನೆಯ ಕುಕ್ಕರು ಸಿಳ್ಳೆ ಹೊಡೆದಿತ್ತು. ಹೆಂಗಸರು ಬೈಯುತ್ತ ಒಳಗೆ ಹೋದರು, ಮಕ್ಕಳು ತಲೆ ತಗ್ಗಿಸಿದರು. ಆಗ ಗೋಡೆಯ ಪಕ್ಕದಿಂದ ಸಣ್ಣ ದನಿಯೊಂದು ಬಂತು.

"ಸರ್ರ, ಪೈಪಿನ ಸಿಳ್ಳಿ, ಕುಕ್ಕರಿನ ಸಿಳ್ಳಿ ಎರಡೂ ಒಂದ ಥರಾ ಇರತಾವೇನ್ರಿ?"

ನದಾಫ್ ಸರ್ ಅವಳ ಕೈಗೆ ಮೈಕು ಕೊಟ್ಟರು. ಅವಳು ಓಣಿಯ ಎಲ್ಲ ಕುಕ್ಕರುಗಳ ಸಿಳ್ಳೆ ಹಿಡಿದುಕೊಂಡು ಬಂದಳು. ಅವು ಕೇಳಿಸಿದರೆ ಬಾರಿಸಬೇಡವೆಂದು ಕಲಿಸಿದ ಮೇಲೆ ಗಂಟೆ ಸರಿಹೋಯಿತು. ಅಂದಿನಿಂದ ವಚನಾಳ ಬಾಯಿ ನಿಂತಿಲ್ಲ.

ಧಾರವಾಡದ ಮಾಪನ ಕೇಂದ್ರದಲ್ಲಿ ಒಂದು ಗೋಡೆಯ ತುಂಬ ನಕ್ಷೆಯಿತ್ತು. ಒಂದೊಂದು ಸಂಜೆ ಲ್ಯಾಬಿಗೆ ಒಂದೊಂದು ದೀಪದ ಚುಕ್ಕೆ. ನಲವತ್ತು ದಾಟಿದವು ಹಸಿರು, ದಾಟದೆ ಮುಚ್ಚಿದವು ಕೆಂಪು, ಇನ್ನೂ ಅಳೆಯದವು ಬಿಳಿ. ಎಂಜಿನಿಯರ್ ಶಾಲ್ಮಲಾ ಕುಬಸದ ಚಹಾದ ಕಪ್ಪು ಹಿಡಿದು ಅದರ ಮುಂದೆ ನಿಂತಿದ್ದಳು. ನಕ್ಷೆ ಅವಳಿಗೆ ಹಿಡಿಸುತ್ತಿರಲಿಲ್ಲ. ಹಸಿರೆಲ್ಲ ದೊಡ್ಡ ಊರುಗಳಲ್ಲೇ ಗುಂಪುಗಟ್ಟಿತ್ತು, ಸಣ್ಣ ಊರುಗಳ ಕಡೆ ಹೋದಂತೆ ಕೆಂಪು ಹೆಚ್ಚುತ್ತಿತ್ತು.

"ಸಣ್ಣ ಊರಿನ ಮಕ್ಕಳಿಗೆ ಕುತೂಹಲ ಕಡಿಮಿ ಇರತದ ಅಂದ್ರ ನಂಬಲಿಕ್ಕೆ ಆಗವಲ್ದು ಸರ್" ಎಂದಳು.

ಮೇಲಧಿಕಾರಿ ಇನಾಮದಾರರು ಕುರ್ಚಿಯಿಂದ ಏಳಲಿಲ್ಲ. ಒಳ್ಳೆಯ ಮನುಷ್ಯ, ಆದರೆ ಅಂಕಿ ಎಂದರೆ ಅವರಿಗೆ ದೇವರ ಪ್ರಸಾದ, ಎರಡು ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಳ್ಳುವರು. "ನಂಬೂದು ಬಿಡೂದು ನಮ್ಮ ಕೆಲಸ ಅಲ್ಲ, ಕುಬಸದ. ಯಂತ್ರ ಏನ ಹೇಳತದ, ಅದನ್ನ ಬರಕೊಳ್ಳೂದು ನಮ್ಮ ಕೆಲಸ. ಶನಿವಾರ ಗಜೇಂದ್ರಗಡಕ್ಕ ಹೋಗಿ ಬರ್ರಿ."

ಶಾಲ್ಮಲಾ ಚಹಾ ಮುಗಿಸಿ ಪಟ್ಟಿಗಳನ್ನು ಪೆಟ್ಟಿಗೆಗೆ ತುಂಬಿಸಿದಳು. ಹೊರಡುವ ದಿನ, ಮಕ್ಕಳಿಗೆಂದು ಒಂದು ದೊಡ್ಡ ಡಬ್ಬಿ ಪೇಢೆ ತೆಗೆದುಕೊಂಡಳು. ಬೀಗ ಹಾಕಲು ಹೋಗುವವರು ಬರಿಗೈಯಲ್ಲಿ ಹೋಗಬಾರದೆಂದು ಅವಳಿಗೆ ಅನ್ನಿಸುತ್ತಿತ್ತು.

ವಚನಾಳ ತಾಯಿ ಸುಮಂಗಲಾ ಗಾಣ ನಡೆಸುತ್ತಿದ್ದಳು. ಎತ್ತಿನ ಗಾಣವಲ್ಲ, ಮೋಟರಿನದು. ಮನೆಯ ಮುಂದಿನ ಕೋಣೆಯಲ್ಲಿ ಗಾಣ, ಹಿಂದಿನದರಲ್ಲಿ ಸಂಸಾರ. ಶೇಂಗಾ, ಕುಸುಬಿ, ಕೊಬ್ಬರಿ ಮೂರರ ವಾಸನೆಯೂ ಆ ಮನೆಯ ಗೋಡೆಗಳಲ್ಲಿ ಇಳಿದಿತ್ತು.

"ಅವ್ವಾ, ಶನಿವಾರ ಮಂಡಳಿಯವ್ರು ಬರತಾರಂತ. ಪಟ್ಟಿ ಹಾಕಿ ನಮ್ಮ ಕೌತುಕ ಎಷ್ಟೈತಿ ನೋಡತಾರಂತ" ಎಂದಳು ವಚನಾ.

"ಅದನ್ನ ನೋಡಾಕ ಧಾರವಾಡದಿಂದ ಬರಬೇಕೇನು? ನನ್ನ ಕೇಳಿದ್ರ ನಾನ ಹೇಳತಿದ್ದೆ. ಮುಂಜಾನಿಂದ ಸಂಜಿತನಕ ನನ್ನ ತಲಿ ತಿಂತಿಯಲ್ಲ."

ಬಸ್ಸಿನ ಡ್ಯೂಟಿ ಮುಗಿಸಿ ಬಂದು ಊಟಕ್ಕೆ ಕೂತಿದ್ದ ಅಪ್ಪ ಬಸವಂತ ರೊಟ್ಟಿ ಮುರಿಯುತ್ತ ಹೇಳಿದ, "ಪಾಸಾದ್ರ ಚಲೋ. ಆಗಲಿಲ್ಲಂದ್ರ ಕೋಚಿಂಗಿಗೆ ಹೆಸರು ಹಚ್ಚತೀನಿ. ಸಂಜಿಮುಂದ ಖಾಲಿ ಕೂತು ಏನ ಮಾಡಾಕಿ?"

ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ವಚನಾ ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲೇ ಇಟ್ಟಳು. ಬಸ್ ಸ್ಟ್ಯಾಂಡಿನ ಎದುರು ಸಾಲಾಗಿ ನಿಂತು ಬೇರೆಯವರ ಪ್ರಶ್ನೆ ಕೂಗುವುದನ್ನು ನೆನೆದು ಅವಳಿಗೆ ಹೆದರಿಕೆಯಾಯಿತು. ತಾನು ಮತ್ತೆ ಬಾಯಿಲ್ಲದವಳಾಗಿಬಿಡುತ್ತೇನೆಂಬ ಹೆದರಿಕೆ ಅದು. ಯಾರಿಗೂ ಹೇಳಿಕೊಳ್ಳಲಿಲ್ಲ.

ಆದರೆ ತಾಯಂದಿರಿಗೆ ಇಂಥವು ಹೇಳದೆಯೇ ತಿಳಿಯುತ್ತವೆ. ಸುಮಂಗಲಾ ಆ ದಿನವೇ ತೀರ್ಮಾನ ಮಾಡಿದಳು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಲ್ಯಾಬಿನ ಮಕ್ಕಳನ್ನೆಲ್ಲ ಗಾಣದ ಮುಂದೆ ಕೂರಿಸಿಕೊಂಡಳು. ಆ ಬೆಳಿಗ್ಗೆ ತೆಗೆದ ಕೊಬ್ಬರಿ ಎಣ್ಣೆ, ಇನ್ನೂ ಬೆಚ್ಚಗಿತ್ತು. ಒಬ್ಬೊಬ್ಬರ ನೆತ್ತಿಗೂ ಬೊಗಸೆ ಎಣ್ಣೆ ಸುರಿದು ತಟ್ಟಿ ತಟ್ಟಿ ಇಳಿಸಿದಳು. ಹುಡುಗಿಯರಿಗೆ ತಲೆ ಹಿಕ್ಕಿ ಬಿಗಿಯಾಗಿ ಎರಡೆರಡು ಹೆರಳು, ಹುಡುಗರಿಗೆ ನೀಟಾಗಿ ಬೈತಲೆ.

"ಎಣ್ಣಿ ಹಚ್ಚಿದ್ರ ಕೌತುಕ ಹೆಚ್ಚಾಗತೈತಿ ಅಂತ ಯಾರು ನೋಡ್ಯಾರವ್ವಾ?" ಎಂದು ವಚನಾ ಕೇಳಿದಳು.

"ನಿಮ್ಮಜ್ಜಿ ನೋಡ್ಯಾಳ. ಸುಮ್ನ ತಲಿ ಬಗ್ಗಸು. ತಲಿ ತಂಪಿದ್ರ ವಿಚಾರ ಚಲೋ ಓಡತಾವ. ಮತ್ತ ದೊಡ್ಡವ್ರು ನೋಡಾಕ ಬಂದಾಗ ಕೆದರಿದ ತಲಿ ಇಟಗೊಂಡು ಹೋಗತಾರೇನು?"

ಮಿರ್ಚಿ ಬಜಿ ಅಂಗಡಿಯವನ ಮಗ ಕಲ್ಮೇಶನಿಗೆ ಎರಡನೇ ಸಲ ಎಣ್ಣೆ ಬಿತ್ತು. ಅವನ ತಲೆ ಹೆಚ್ಚು ಬಿಸಿ ಎಂದು ಸುಮಂಗಲಾಳ ಅಭಿಪ್ರಾಯ.

ಸಂಜೆ ಶಾಲ್ಮಲಾಳ ಜೀಪು ಎಕ್ಸ್‌ಚೇಂಜಿನ ಮುಂದೆ ನಿಂತಿತು. ಬಾಗಿಲಲ್ಲೇ ಕೊಬ್ಬರಿ ಎಣ್ಣೆಯ ವಾಸನೆ ಅವಳನ್ನು ಎದುರುಗೊಂಡಿತು. ಮಿರಿಮಿರಿ ಹೊಳೆಯುವ ತಲೆಗಳ ಮಕ್ಕಳು ಸಾಲಾಗಿ ನಿಂತು ನಮಸ್ಕಾರ ಮಾಡಿದರು. ನದಾಫ್ ಸರ್ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು.

ಸಾಲು ನಿಂತದ್ದು ಎರಡು ನಿಮಿಷ. ಪೆಟ್ಟಿಗೆ ತೆರೆದೊಡನೆ ಮಕ್ಕಳೆಲ್ಲ ಮುತ್ತಿದರು. ಇದು ಯಾವ ಲೋಹ, ಬ್ಯಾಟರಿ ಎಲ್ಲಿ, ತಲೆಯೊಳಗಿನ ಅಲೆ ಹೊರಗೆ ಹೆಂಗ ಬರತೈತಿ, ನಿದ್ದಿಯಾಗ ಹಾಕಿದ್ರ ಏನ ತೋರಸತೈತಿ. ಶಾಲ್ಮಲಾಗೆ ಉತ್ತರ ಹೇಳಿ ಹೇಳಿ ಸುಸ್ತಾಯಿತು. ಇಲ್ಲಿ ಯೋಚನೆಯೇ ಇಲ್ಲ, ಚುಕ್ಕೆ ಹಸಿರಾಗುತ್ತದೆ ಎಂದು ಖುಷಿಯಿಂದಲೇ ಪಟ್ಟಿ ತೊಡಿಸಿದಳು.

ವಚನಾಳದು ಎರಡು ಬಂತು. ಇನ್ನೊಬ್ಬಳದು ನಾಲ್ಕು. ಮತ್ತೊಬ್ಬನದು ಒಂದು. ಕಲ್ಮೇಶನದು ಸೊನ್ನೆ.

"ಮೇಡಮ್ಮಾರ, ಸೊನ್ನಿ ಅಂದ್ರ ನಾ ಸತ್ತೀನೇನ್ರಿ?" ಎಂದು ಕಲ್ಮೇಶ ಕೇಳಿದ.

"ಹಂಗಲ್ಲ ತಮ್ಮಾ. ನಿನಗ ಏನೂ ತಿಳಕೋಬೇಕು ಅನ್ನಿಸವಲ್ದು ಅಂತ ಅರ್ಥ."

"ನನಗ ಸೊನ್ನಿ ಯಾಕ ಬಂತು ಅಂತ ತಿಳಕೋಬೇಕ್ರಿ."

ಅವನು ಹಾಗೆ ಕೇಳುವಾಗಲೂ ಅಂಕಿ ಸೊನ್ನೆಯಿಂದ ಅಲುಗಲಿಲ್ಲ. ಶಾಲ್ಮಲಾ ಅದನ್ನು ನೋಡಿದಳು. ಪಟ್ಟಿ ಕೆಟ್ಟಿರಬೇಕೆಂದು ತಾನೇ ಹಾಕಿಕೊಂಡಳು. ಅರವತ್ತರ ಮೇಲೆ ತೋರಿಸಿತು. ಇನ್ನೊಂದು ಪಟ್ಟಿಯೂ ಹಾಗೆಯೇ. ಯಂತ್ರ ಸರಿಯಾಗಿಯೇ ಇತ್ತು.

ಅಷ್ಟರಲ್ಲಿ ಅವಳಿಗೆ ಫೋನು ಬಂತು. ಪಟ್ಟಿಯ ಅಂಕಿಗಳೆಲ್ಲ ಧಾರವಾಡದ ಗೋಡೆಯಲ್ಲಿ ಆಗಿಂದಾಗ ಕಾಣುತ್ತಿದ್ದವು. "ಸರಾಸರಿ ಎರಡು ಬಂದದಲ್ಲ ಕುಬಸದ. ಇಷ್ಟು ಕಡಿಮಿ ಎಲ್ಲೂ ನೋಡಿಲ್ಲ. ಮುಗಿಸಿ ಕಳಿಸಿಬಿಡ್ರಿ" ಎಂದರು ಇನಾಮದಾರರು. ಶಾಲ್ಮಲಾ ತನ್ನ ಕೈಯ ಟ್ಯಾಬಿನ ಪರದೆಯಲ್ಲಿ 'ಮುಗಿಯಿತು' ಎಂಬ ಗುಂಡಿ ಒತ್ತಿದರೆ ಲೆಕ್ಕ ಅಲ್ಲಿಗೆ ಅಂತಿಮ. ಗುಂಡಿಯ ಮೇಲೆ ಬೆರಳಿಟ್ಟು ಅವಳು ನದಾಫ್ ಸರ್ ಮುಖ ನೋಡಿದಳು.

ಅವರು ಮಕ್ಕಳನ್ನು ನೋಡುತ್ತಿದ್ದರು. "ಇಷ್ಟ ವರ್ಷ ನಾ ಏನ ಮಾಡಿದೆ ಹಂಗಾದ್ರ?" ಎಂದು ತಮಗೆ ತಾವೇ ಕೇಳಿಕೊಂಡ ಹಾಗೆ ಮೆಲ್ಲಗೆ ಅಂದರು. ಅವರ ದನಿ ಅಷ್ಟು ಸಣ್ಣದಾದದ್ದನ್ನು ಮಕ್ಕಳು ಎಂದೂ ಕೇಳಿರಲಿಲ್ಲ.

ವಚನಾಗೆ ಅಳು ಬಂತು. ಅದರ ಜೊತೆಗೇ ಸಿಟ್ಟೂ ಬಂತು. ಅವಳು ಮೂಗು ಒರೆಸಿಕೊಂಡು ಮುಂದೆ ಬಂದಳು. "ಮೇಡಮ್ಮಾರ, ಈಗ ಒತ್ತಬ್ಯಾಡ್ರಿ. ಪಟ್ಟಿ ನಿಮಗ ಅರವತ್ತು ತೋರಿಸತೈತಿ, ನಮಗ ಎರಡು ತೋರಿಸತೈತಿ. ನಿಮಗೂ ನಮಗೂ ಏನೋ ಫರಕ ಐತಿ. ಅದು ಕೌತುಕಾನ ಆಗಬೇಕಂತ ಏನಿಲ್ಲಲ್ರಿ."

ಶಾಲ್ಮಲಾ ಬೆರಳು ತೆಗೆದಳು. "ಮತ್ತೇನಿರಬಹುದು?"

ಅವಳು ಹಾಗೆ ಕೇಳಿದ್ದೇ ತಡ, ಲ್ಯಾಬಿಗೆ ಜೀವ ಬಂತು. ಮೇಡಂ ಕನ್ನಡಕ ಹಾಕ್ಯಾರ. ಮೇಡಂ ಆ ಕುರ್ಚಿಮ್ಯಾಲ ಕುಂತಾರ. ಮೇಡಂ ಪೇಢೆ ತಿಂದಾರ. ಮೇಡಂ ಧಾರವಾಡದವರು. ಎಲ್ಲರೂ ಒಮ್ಮೆಲೇ ಕೂಗಿದಾಗ ನದಾಫ್ ಸರ್ ಕೈ ಎತ್ತಿದರು. "ಒಂದ ಸಲಕ್ಕ ಒಂದ" ಎಂದರು. ದನಿ ಸ್ವಲ್ಪ ಮೇಲೆ ಬಂದಿತ್ತು.

ಕಲ್ಮೇಶನಿಗೆ ಶಾಲ್ಮಲಾಳ ಕನ್ನಡಕ ಹಾಕಿದರು. ಸೊನ್ನೆ. ಕನ್ನಡಕ ತೆಗೆದು ಕುರ್ಚಿ ಬದಲಿಸಿದರು. ಸೊನ್ನೆ. ಪೇಢೆ ತಿನ್ನಿಸಿದರು. ಸೊನ್ನೆಯೇ. ಒಬ್ಬನ ಮೇಲೆ ಮಾಡಿದ ಪರೀಕ್ಷೆಯನ್ನು ನಂಬಬಾರದೆಂದು ಉಳಿದ ಮಕ್ಕಳೂ ಪೇಢೆಯ ಪರೀಕ್ಷೆ ಮಾಡಿ ನೋಡಿದರು. ಕೆಲವರು ಎರಡೆರಡು ಸಲ ಮಾಡಿದರು. ಅಂಕಿ ಏರಲಿಲ್ಲ, ಡಬ್ಬಿ ಖಾಲಿಯಾಯಿತು.

"ಧಾರವಾಡದವ್ರು ಅಂತ ಇರಬಹುದೇನ್ರಿ? ಹಂಗಾದ್ರ ಸರ್‌ಗೂ ಎರಡ ಬರಬೇಕು, ಸರ್ ಇಲ್ಲಿಯವ್ರು" ಎಂದಳು ವಚನಾ.

ನದಾಫ್ ಸರ್ ಬೋಳು ತಲೆಗೆ ಪಟ್ಟಿ ಹಾಕಿದರು. ತೊಂಬತ್ತೊಂದು. ಮಕ್ಕಳು ಚಪ್ಪಾಳೆ ಹೊಡೆದರು. ಸರ್ ಗಡ್ಡದೊಳಗೆ ನಾಚಿಕೊಂಡರು.

"ಹಂಗಾದ್ರ ಊರಲ್ಲ, ಈ ಕಟ್ಟಡಾನೂ ಅಲ್ಲ. ಸರ್‌ಗೂ ನಮಗೂ ಏನ ಫರಕ?"

"ಗಡ್ಡ" ಎಂದಿತು ಒಂದು ದನಿ. "ಮೇಡಂಗ ಗಡ್ಡ ಎಲ್ಲೈತೋ" ಎಂದಿತು ಇನ್ನೊಂದು. "ಸರ್ ತಲ್ಯಾಗ ಕೂದಲಿಲ್ಲ" ಎಂದ ಕಲ್ಮೇಶ. ಆದರೆ ಮೇಡಂಗೆ ಕೂದಲಿದೆ. ವಚನಾ ಶಾಲ್ಮಲಾಳ ತಲೆಯನ್ನು ನೋಡಿದಳು. ಫ್ಯಾನಿನ ಗಾಳಿಗೆ ಆ ಕೂದಲು ಒಂದೊಂದೇ ಬಿಡಿಬಿಡಿಯಾಗಿ ಹಾರಾಡುತ್ತಿತ್ತು. ಆಮೇಲೆ ತನ್ನ ಹೆರಳು ಮುಟ್ಟಿ ನೋಡಿದಳು. ಬೆರಳು ಜಿಡ್ಡಾಯಿತು.

"ಎಣ್ಣಿ" ಎಂದಳು.

ಎಲ್ಲರೂ ತಮ್ಮ ತಮ್ಮ ತಲೆ ಮುಟ್ಟಿಕೊಂಡರು. ಎಣ್ಣೆ ಕರೆಂಟನ್ನು ಹಾಯಗೊಡುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಟ್ರಾನ್ಸ್‌ಫಾರ್ಮರಿನೊಳಗೆ ಎಣ್ಣೆ ಯಾಕೆ ತುಂಬುತ್ತಾರೆಂದು ಅದೇ ಲ್ಯಾಬಿನಲ್ಲಿ ಬಡಿದಾಡಿ ತಿಳಿದಿದ್ದರು. ನೆತ್ತಿಗೂ ಮೊಳೆಗೂ ನಡುವೆ ಕೊಬ್ಬರಿ ಎಣ್ಣೆಯ ಪದರ ಕೂತಿದ್ದರೆ ಅಷ್ಟು ಸಣ್ಣ ಅಲೆ ದಾಟುವುದು ಹೇಗೆ?

"ಖರೆ ಇರಬಹುದು" ಎಂದರು ನದಾಫ್ ಸರ್. "ಆದ್ರ ಅನ್ನಿಸಿದ್ದೆಲ್ಲ ಖರೆ ಅಲ್ಲ ತಂಗಿ. ಹೆಂಗ ತಿಳಕೊಳ್ಳೂದು ಇದನ್ನ?"

ವಚನಾ ಶಾಲ್ಮಲಾಳ ಕಡೆ ತಿರುಗಿದಳು. ಹೇಳಲು ಸ್ವಲ್ಪ ಸಂಕೋಚವಾಯಿತು. "ಮೇಡಮ್ಮಾರ, ನಿಮ್ಮ ತಲಿಗೆ ಎಣ್ಣಿ ಹಚ್ಚಬೇಕಾಗತೈತ್ರಿ."

ಒಬ್ಬ ಹುಡುಗ ಓಡಿಹೋಗಿ ಸುಮಂಗಲಾಳನ್ನು ಬಾಟಲಿಯ ಸಮೇತ ಕರೆತಂದ. ಮಂಡಳಿಯ ಎಂಜಿನಿಯರ್ ಪಟ್ಟಿ ತೆಗೆದು ಸ್ಟೂಲಿನ ಮೇಲೆ ಕೂತಳು. ಸುಮಂಗಲಾ ಅವಳ ಕೂದಲಲ್ಲಿ ಕೈಯಾಡಿಸಿ ಮರುಗಿದಳು. "ಎಷ್ಟು ಒಣಗ್ಯಾವ್ರಿ ನಿಮ್ಮ ಕೂದಲ. ಹೇಳಾವ್ರು ಕೇಳಾವ್ರು ಯಾರೂ ಇಲ್ಲೇನ್ರಿ ಮನ್ಯಾಗ?" ಎಂದು ಬೊಗಸೆ ಎಣ್ಣೆ ಸುರಿದು ತಟ್ಟತೊಡಗಿದಳು. ಶಾಲ್ಮಲಾಗೆ ಎಷ್ಟು ಹಿತವಾಯಿತೆಂದರೆ ಕಣ್ಣು ಮುಚ್ಚಿಹೋಯಿತು.

ಮತ್ತೆ ಪಟ್ಟಿ ಹಾಕಿದರು. ಮೂರು.

ಮೊದಲು ನಕ್ಕವಳು ಶಾಲ್ಮಲಾ. ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ. ಮಾಪಕವನ್ನು ಪರೀಕ್ಷಿಸಿದ್ದು ಧಾರವಾಡದ ಎಸಿ ಕೋಣೆಯಲ್ಲಿ, ಶಾಂಪೂ ಹಾಕಿ ತೊಳೆದ ಸಿಬ್ಬಂದಿಯ ತಲೆಗಳ ಮೇಲೆ. ಎಣ್ಣೆ ಹಚ್ಚಿದ ತಲೆಯೊಂದನ್ನು ಕರೆಸಬೇಕೆಂದು ಅಷ್ಟು ಜನ ಓದಿದವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅಲೆ ಸಿಗದಿದ್ದರೆ ನನಗೆ ತಲೆ ತಾಗಿಲ್ಲ ಎನ್ನಲು ಯಂತ್ರಕ್ಕೆ ಕಲಿಸಿರಲಿಲ್ಲ. ಕೌತುಕವಿಲ್ಲ ಎಂದೇ ಅದು ಬರೆದುಕೊಳ್ಳುತ್ತಿತ್ತು.

ಸುಮಂಗಲಾ ಮಾತ್ರ ನಗಲಿಲ್ಲ. ಬಾಟಲಿ ಹಿಡಿದ ಕೈ ಕೆಳಗೆ ಇಳಿದಿತ್ತು. "ಅಂದ್ರ ನಾ ಹಚ್ಚಿದ ಎಣ್ಣಿಲಿಂದ ಹುಡುಗ್ರು ನಪಾಸಾದವೇನು?" ಎಂದಳು.

ವಚನಾ ತಾಯಿಯ ಕೈ ಹಿಡಿದುಕೊಂಡಳು. "ನೀ ಇಷ್ಟ ಹಚ್ಚಿದ್ದಕ್ಕ ಗೊತ್ತಾತವ್ವಾ. ಸ್ವಲ್ಪ ಹಚ್ಚಿದ್ರ ಹದಿನೈದೋ ಇಪ್ಪತ್ತೋ ಬಂದು, ನಾವೂ ಖರೇ ಅಂತ ನಂಬಿಬಿಡತಿದ್ವಿ."

ಈಗ ಎಣ್ಣೆ ತೆಗೆಯಬೇಕು. ತಲೆ ತೊಳೆಯೋಣವೆಂದರೆ ನಳದಲ್ಲಿ ಹನಿ ನೀರಿಲ್ಲ. ಮಕ್ಕಳೇ ಮಾಡಿದ ಗಂಟೆ ಗೋಡೆಯ ಮೇಲೆ ಸುಮ್ಮನೆ ಕೂತಿತ್ತು. ಕಲ್ಮೇಶ ಯೋಚಿಸಿದ. "ನಮ್ಮಪ್ಪನ ಬಜಿ ಸುತ್ತಲಿನ ಹಿಟ್ಟು ಎಷ್ಟ ಎಣ್ಣಿ ಇದ್ರೂ ಕುಡೀತೈತ್ರಿ. ಒಣ ಕಡ್ಲಿ ಹಿಟ್ಟು ತಿಕ್ಕಿದ್ರ?" ಅದನ್ನೂ ಮೊದಲು ಶಾಲ್ಮಲಾಳ ಮೇಲೆಯೇ ನೋಡಿದರು, ಅವಳು ಬೇಡವೆನ್ನಲಿಲ್ಲ. ಬೈತಲೆಯ ಉದ್ದಕ್ಕೂ ಹಿಟ್ಟು ತಿಕ್ಕಿ, ಬಟ್ಟೆಯಿಂದ ಒರೆಸಿ, ಪಟ್ಟಿ ಹಾಕಿದರೆ ಐವತ್ತೆಂಟು. ಬಜಿ ಅಂಗಡಿಯ ಹಿಟ್ಟಿನ ಡಬ್ಬವೇ ಲ್ಯಾಬಿಗೆ ಬಂತು. ಆ ಸಂಜೆ ಗಜೇಂದ್ರಗಡದಲ್ಲಿ ಯಾರಿಗೂ ಬಜಿ ಸಿಗಲಿಲ್ಲ.

ಹೊಳೆಯುವ ತಲೆಗಳೆಲ್ಲ ಹಳದಿಯಾದವು. ಒಬ್ಬರ ತಲೆ ಇನ್ನೊಬ್ಬರು ತಿಕ್ಕಿದರು, ಸೀನಿದರು, ನಕ್ಕರು. ಎಲ್ಲರೂ ಪಟ್ಟಿ ಹಾಕಿಕೊಂಡಾಗ ವಚನಾ ಕಣ್ಣು ಮುಚ್ಚಿದ್ದಳು. ಎಣ್ಣೆಯ ಲೆಕ್ಕ ಸರಿಯಾದರೂ ತನ್ನೊಳಗೆ ನಿಜವಾಗಿ ಏನೂ ಇಲ್ಲದಿದ್ದರೆ ಎಂಬ ಅಂಜಿಕೆ ಅವಳಿಗಿತ್ತು. ಅಷ್ಟರಲ್ಲಿ ಎಣ್ಣೆಯನ್ನು ಕುಡಿದ ಹಿಟ್ಟು ಕರೆಂಟನ್ನು ಹಾಯಗೊಡುತ್ತದೆಯೋ ಇಲ್ಲವೋ ಎಂದು ಕಲ್ಮೇಶ ಪಕ್ಕದವಳ ಜೊತೆ ವಾದಕ್ಕಿಳಿದ. ವಚನಾಗೆ ಸುಮ್ಮನಿರಲಾಗಲಿಲ್ಲ. ಕಣ್ಣು ಬಿಟ್ಟು ತಾನೂ ಸೇರಿಕೊಂಡಳು. ಶಾಲ್ಮಲಾಳ ಪರದೆಯಲ್ಲಿ ಅಂಕಿಗಳು ಎಪ್ಪತ್ತು, ಎಂಬತ್ತು ಎಂದು ಏರುತ್ತಿದ್ದವು. ಮಕ್ಕಳಲ್ಲಿ ಒಬ್ಬರೂ ಆ ಕಡೆ ನೋಡಲಿಲ್ಲ, ಅವರಿಗೆ ಪುರುಸೊತ್ತಿರಲಿಲ್ಲ. ನೋಡಿದವರು ನದಾಫ್ ಸರ್. ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಕನ್ನಡಕಕ್ಕೆ ಏನೂ ಆಗಿರಲಿಲ್ಲ.

ಫೋನು ಮತ್ತೆ ಬಂತು. "ಕುಬಸದ, ಏನ ನಡದದ ಅಲ್ಲೆ? ಎರಡು ಇದ್ದದ್ದು ಎಪ್ಪತ್ತೆಂಟು ಹೆಂಗಾತು?"

ಶಾಲ್ಮಲಾ ಎಲ್ಲವನ್ನೂ ಹೇಳಿದಳು. ಆಮೇಲೆ ಇನಾಮದಾರರು ಕೇಳಿದರು, "ಕುಸುಬಿ ಎಣ್ಣಿ ಹಚ್ಚಿದ್ರೂ ಹಿಂಗ ಆಗತದೇನು?" ಕೇಳಿ ಮುಗಿಸಿದ ಮೇಲೆ ತಾವೇನು ಕೇಳಿದೆವೆಂದು ಅವರಿಗೇ ಆಶ್ಚರ್ಯವಾಗಿರಬೇಕು. "ಲ್ಯಾಬ್ ಉಳೀತು ಅಂತ ಹೇಳ್ರಿ ಅವರಿಗೆ" ಎಂದರು.

ಲ್ಯಾಬಿನಲ್ಲಿ ಎದ್ದ ಗದ್ದಲ ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿತು. ಶಾಲ್ಮಲಾ 'ಮುಗಿಯಿತು' ಎಂಬ ಗುಂಡಿ ಒತ್ತಿದಳು. ಪರದೆಯ ಮೇಲೆ ನಕ್ಷೆ ತೆರೆದುಕೊಂಡು ಗಜೇಂದ್ರಗಡದ ಚುಕ್ಕೆ ಹಸಿರಾಯಿತು. ವಚನಾ ಅದರ ಮೇಲೆ ಬಗ್ಗಿದಳು.

"ಈ ಕೆಂಪ ಚುಕ್ಕಿ ಎಲ್ಲಾ ಏನ್ರಿ?"

"ಮುಚ್ಚಿದ ಲ್ಯಾಬು."

"ಅಲ್ಲಿ ಹುಡುಗ್ರ ತಲಿಗೆ ಎಣ್ಣಿ ಇತ್ತೇನ್ರಿ?"

ಶಾಲ್ಮಲಾಳ ನಗು ನಿಂತಿತು. ದೊಡ್ಡವರು ಬರುತ್ತಾರೆಂದು ಎಣ್ಣೆ ಹಚ್ಚಿ, ಹೆರಳು ಹಾಕಿ, ಹೂ ಮುಡಿಸಿ ಕಳಿಸಿದ ತಲೆಗಳು ಅವಳಿಗೆ ಒಂದೊಂದಾಗಿ ನೆನಪಾದವು. ಆ ಊರುಗಳ ಬೀಗದ ಕೈಗಳು ಜೀಪಿನಲ್ಲೇ ಇದ್ದವು. ಅವಳು ಮತ್ತೆ ಇನಾಮದಾರರಿಗೆ ಫೋನು ಮಾಡಿದಳು. ಈ ಸಲ ಅವರು ವಾದ ಮಾಡಲಿಲ್ಲ. "ಎಲ್ಲಾ ಮತ್ತ ಅಳೀಬೇಕು. ಹತ್ತಿರದ್ದು ಯಾವುದದ, ಅಲ್ಲಿಂದ ಶುರು ಮಾಡ್ರಿ" ಎಂದರು. ಅವಳು ಆ ರಾತ್ರಿ ಸುಮಂಗಲಾಳ ಮನೆಯಲ್ಲೇ ಉಳಿದಳು. ಮತ್ತೆ ಎಣ್ಣೆ ಹಚ್ಚಿಸಿಕೊಂಡ ತಲೆಗೆ ಒಳ್ಳೆಯ ನಿದ್ದೆ ಬಂತೆಂದು ಮರುದಿನ ಹೇಳಿದಳು.

ಹತ್ತಿರದ್ದೆಂದರೆ ಹಿರೇಕೊಪ್ಪ. ಭಾನುವಾರ ಸಂಜೆ ಜೀಪಿನಲ್ಲಿ ಶಾಲ್ಮಲಾ, ನದಾಫ್ ಸರ್, ವಚನಾ, ಹಿಟ್ಟಿನ ಡಬ್ಬ ತೊಡೆಯ ಮೇಲಿಟ್ಟುಕೊಂಡ ಕಲ್ಮೇಶ ಹೊರಟರು. ಅಲ್ಲಿಯ ಲ್ಯಾಬ್ ಇದ್ದದ್ದು ಹಳೆಯ ಹಾಲಿನ ಡೇರಿಯಲ್ಲಿ. ಹೋದ ಮಳೆಗಾಲದಲ್ಲಿ ಶಾಲ್ಮಲಾ ತನ್ನ ಕೈಯಾರೆ ಅದಕ್ಕೆ ಬೀಗ ಹಾಕಿದ್ದಳು. ಮಕ್ಕಳನ್ನು ಎಲ್ಲೆಲ್ಲಿಂದ ಹುಡುಕಿ ಕರೆತರುವುದು, ಅವರು ಮತ್ತೆ ಬರುತ್ತಾರೋ ಇಲ್ಲವೋ, ಬಿಟ್ಟುಹೋದ ಆಸಕ್ತಿ ತಿರುಗಿ ಬರುತ್ತದೋ ಇಲ್ಲವೋ ಎಂದು ದಾರಿಯುದ್ದಕ್ಕೂ ಹೇಳಿಕೊಳ್ಳುತ್ತಿದ್ದಳು.

ಜೀಪು ನಿಂತಿತು. ಡೇರಿಯ ಬಾಗಿಲಿಗೆ ಅವಳು ಹಾಕಿದ ಬೀಗ ಹಾಗೇ ಇತ್ತು, ಮಳೆಗೆ ತುಕ್ಕು ಹಿಡಿದಿತ್ತು. ಬಾಗಿಲ ಮುಂದಿನ ಮೆಟ್ಟಿಲುಗಳ ಮೇಲೆ ಮಕ್ಕಳು ಕೂತಿದ್ದರು. ನಡುವೆ ಒಂದು ಕೆಟ್ಟ ಟೇಬಲ್ ಫ್ಯಾನು ಬಿಚ್ಚಿ ಬಿದ್ದಿತ್ತು. ಒಬ್ಬ ರೆಕ್ಕೆ ಹಿಡಿದಿದ್ದ, ಇನ್ನೊಬ್ಬ ತಂತಿ ಕೆರೆಯುತ್ತಿದ್ದ, ಎರಡು ಹೆರಳಿನ ಹುಡುಗಿಯೊಬ್ಬಳು ಮೋಟರಿನ ಮೇಲೆ ಮೂಗು ತಾಗುವಷ್ಟು ಬಗ್ಗಿದ್ದಳು. ಆ ಮೆಟ್ಟಿಲ ಕಲ್ಲು ದಿನಾ ಕೂತು ಕೂತು ನುಣುಪಾಗಿತ್ತು. ಬೀಗ ಹಾಕಿದ್ದು ಅವರಿಗೆ ಒಂದು ಬಾಗಿಲು ಕಡಿಮೆಯಾದ ಹಾಗಾಗಿತ್ತು, ಅಷ್ಟೆ.

ಶಾಲ್ಮಲಾ ಪೆಟ್ಟಿಗೆಯಿಂದ ತೆಗೆದಿದ್ದ ಪಟ್ಟಿಯನ್ನು ಮತ್ತೆ ಪೆಟ್ಟಿಗೆಯಲ್ಲೇ ಇಟ್ಟಳು. ಬೀಗದ ಕೈ ಹಿಡಿದು ಮೆಟ್ಟಿಲ ಹತ್ತಿರ ಹೋಗಿ ನಿಂತಳು. ಎರಡು ಹೆರಳಿನ ಹುಡುಗಿ ತಲೆಯೆತ್ತದೆ ಸ್ಕ್ರೂಡ್ರೈವರು ಹಿಡಿದ ಕೈಯನ್ನೇ ಆಡಿಸಿದಳು.

"ಯಾರ್ರಿ ಅದು, ಸ್ವಲ್ಪ ಆಕಡೆ ಸರೀರಿ. ಬೆಳಕಿಗೆ ಅಡ್ಡ ನಿಂತೀರಿ."

ಶಾಲ್ಮಲಾ ಪಕ್ಕಕ್ಕೆ ಸರಿದಳು.